ಹಾದಿಗೆ ರಾಷ್ಟ್ರೀಯ ಮಾನ್ಯತೆ ಸಿಕ್ಕರೆ ಹಾದಿಬದಿಯ ಊರಿಗೆ ಏನು ಸಿಗುತ್ತದೆ?

ಅಮೆರಿಕದಲ್ಲಿ ಹಳೆಯ ಹಾದಿಯೊಂದನ್ನು ‘ರಾಷ್ಟ್ರೀಯ ಐತಿಹಾಸಿಕ ಹಾದಿ’ ಎಂದು ಘೋಷಿಸುವ ಮಾತು ಎದ್ದರೆ ಸಾಕು, ಊರಿನ ಸಭೆಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ. ನನ್ನ ಜಮೀನು ಹೋಗುತ್ತಾ? ನಾನು ಇಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಊರು, ರಸ್ತೆ, ಜಮೀನುಗಳ ಯೋಜನೆಯ ಕೆಲಸ ಮಾಡುವವಳು. ಶಾಲೆಯ ಹಾಲಿನಲ್ಲಿ, ಚರ್ಚಿನ ಹಿಂದಿನ ಕೋಣೆಯಲ್ಲಿ, ಎಲ್ಲಿ ಸಭೆ ಕರೆದರೂ ಯಾರಾದರೂ ಒಬ್ಬರು ಎದ್ದು ನಿಂತು ಇದನ್ನು ಕೇಳಿಯೇ ಕೇಳುತ್ತಾರೆ. ಕೇಳಬೇಕಾದದ್ದೇ.

ಕನ್ನಡದವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ, ಅಂಗಡಿಗಳನ್ನು ಒಡೆದು ಹಾಕಿದ್ದು ನಮಗೆಲ್ಲ ಗೊತ್ತು. ನಮ್ಮ ಕಾನೂನಿನಲ್ಲಿ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಅದಕ್ಕೇ ‘ಪಾರಂಪರಿಕ’ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಜನ ಮೊದಲು ತಮ್ಮ ಗೋಡೆಯ ಕಡೆ ನೋಡುತ್ತಾರೆ.

ಅಮೆರಿಕದ ಹಾದಿಗಳ ಕಾನೂನು ಹಾಗಲ್ಲ. ರಾಷ್ಟ್ರೀಯ ಹಾದಿಗಳ ಕಾಯ್ದೆ ಬಂದದ್ದು 1968ರಲ್ಲಿ. ಆಗ ಅದರಲ್ಲಿದ್ದದ್ದು ಚಾರಣದ ಹಾದಿಗಳು ಮಾತ್ರ. ‘ಐತಿಹಾಸಿಕ ಹಾದಿ’ ಎಂಬ ವರ್ಗ ಸೇರಿದ್ದು 1978ರಲ್ಲಿ. ವಲಸಿಗರ ಗಾಡಿಗಳು ಪಶ್ಚಿಮಕ್ಕೆ ಹೋದ ಓರೆಗಾನ್ ಹಾದಿ, ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಅವರ ಹಾದಿ ಆ ಮೊದಲ ಪಟ್ಟಿಯವು. ಈಗ ಇಂಥವು 20ಕ್ಕೂ ಹೆಚ್ಚಿವೆ. ಘೋಷಿಸುವ ಅಧಿಕಾರ ಸಂಸತ್ತಿನದು, ಅಂದರೆ ಕಾಂಗ್ರೆಸ್ಸಿನದು. ಘೋಷಣೆ ಆದ ದಿನ ಖಾಸಗಿ ಜಮೀನಿನ ಒಂದು ಇಂಚೂ ಕೈ ಬದಲಾಯಿಸುವುದಿಲ್ಲ. ಹೊಲ ಉಳುವುದಕ್ಕಾಗಲಿ, ಮನೆ ಕಟ್ಟುವುದಕ್ಕಾಗಲಿ ಹೊಸ ತಡೆ ಬರುವುದಿಲ್ಲ. ನಿಮ್ಮ ಗೇಟು ದಾಟಿ ಒಳಗೆ ಬರುವ ಹಕ್ಕು ಪ್ರವಾಸಿಗನಿಗೆ ಸಿಗುವುದೂ ಇಲ್ಲ. ನಕ್ಷೆಯ ಮೇಲೆ ಒಂದು ಗೆರೆ, ರಸ್ತೆಬದಿಯಲ್ಲಿ ಮೂಲೆ ದುಂಡಾದ ತ್ರಿಕೋನದ ಫಲಕ, ಹಾದಿಯನ್ನು ನೋಡಿಕೊಳ್ಳಲು ಒಂದು ಕೇಂದ್ರ ಇಲಾಖೆ, ಆ ಇಲಾಖೆ ಬರೆಯಬೇಕಾದ ಒಂದು ಸಮಗ್ರ ಯೋಜನೆ. ಶುರುವಿನಲ್ಲಿ ಸಿಗುವುದು ಇಷ್ಟೇ.

ಜಮೀನುದಾರರಿಗೆ ಬೇಕಿದ್ದರೆ ತಮ್ಮ ಜಾಗಕ್ಕೆ ‘ಪ್ರಮಾಣಿತ ತಾಣ’ ಎಂದು ಇಲಾಖೆಯ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಮಾಲೀಕತ್ವ ಅವರದೇ. ಬೇಡವೆನಿಸಿದರೆ ಹೊರಗೆ ಬರಬಹುದು. ಒಪ್ಪಂದ ಮಾಡಿಕೊಂಡವರಿಗೆ ಫಲಕ, ತಜ್ಞರ ಸಲಹೆ, ಕೆಲವೊಮ್ಮೆ ಸ್ವಲ್ಪ ಹಣ ಸಿಗುತ್ತದೆ. ಆ ಹಣ ಬರುವುದೂ ಹೆಚ್ಚಾಗಿ ನೀವೂ ಇಷ್ಟು ಹಾಕಿ, ನಾವೂ ಇಷ್ಟು ಹಾಕುತ್ತೇವೆ ಎಂಬ ಷರತ್ತಿನ ಮೇಲೆ.

ಇನ್ನೊಂದು ಪರಿಣಾಮ ಹೊರಗೆ ಕಾಣುವುದಿಲ್ಲ. 1966ರ ಐತಿಹಾಸಿಕ ಸಂರಕ್ಷಣಾ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಕೇಂದ್ರದ ಹಣ ಅಥವಾ ಪರವಾನಗಿ ಇರುವ ಯಾವುದೇ ಕೆಲಸ, ಅದು ಹೆದ್ದಾರಿ ಆಗಿರಲಿ, ವಿದ್ಯುತ್ ಲೈನ್ ಆಗಿರಲಿ, ಐತಿಹಾಸಿಕ ಜಾಗಗಳಿಗೆ ಏನು ಮಾಡುತ್ತದೆ ಎಂದು ಮೊದಲೇ ನೋಡಬೇಕು, ಸಂಬಂಧಪಟ್ಟವರ ಮಾತು ಕೇಳಬೇಕು. ಕೆಲಸ ನಿಲ್ಲಿಸುವ ಶಕ್ತಿ ಇದಕ್ಕಿಲ್ಲ, ಕೇಳಿಸಿಕೊಳ್ಳುವಂತೆ ಮಾಡುವ ಶಕ್ತಿ ಇದೆ. ಹಾದಿಗೆ ರಾಷ್ಟ್ರೀಯ ಮಾನ್ಯತೆ ಇದ್ದರೆ ‘ಇಲ್ಲಿ ಏನಿದೆ ಮಹಾ’ ಎಂದು ತಳ್ಳಿಹಾಕುವುದು ಕಷ್ಟ. ಪೂರ್ತಿ ಖಾಸಗಿ ಹಣದ, ಕೇಂದ್ರದ ಪರವಾನಗಿಯೇ ಬೇಡದ ಕಟ್ಟಡಕ್ಕೆ ಮಾತ್ರ ಇದು ತಾಗುವುದಿಲ್ಲ.

ಅಂದರೆ ಭಯ ಪಟ್ಟಷ್ಟು ಕೆಟ್ಟದ್ದೂ ಆಗುವುದಿಲ್ಲ, ಆಸೆ ಪಟ್ಟಷ್ಟು ಒಳ್ಳೆಯದೂ ತಾನಾಗಿ ಆಗುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ತೊಂದರೆ. ಜಮೀನು ಹೋಗುತ್ತದೆ ಎಂಬ ಭಯಕ್ಕೆ ಉತ್ತರ ಹೇಳಲು ಐದು ನಿಮಿಷ ಸಾಕು. ಪ್ರವಾಸಿಗರು ಬರುತ್ತಾರೆ, ಊರು ಏಳುತ್ತದೆ ಎಂಬ ಭರವಸೆ ಇದೆಯಲ್ಲ, ಅದರ ಲೆಕ್ಕ ಹಾಕಲು ವರ್ಷಗಳು ಬೇಕು. ಆ ಲೆಕ್ಕವನ್ನು ಅಲಬಾಮಾದ ಒಂದು ಹಾದಿಯಲ್ಲಿ ನೋಡೋಣ.

ಸೆಲ್ಮಾದಿಂದ ಮಾಂಟ್ಗೊಮರಿಗೆ 54 ಮೈಲಿ, ಅಂದರೆ ಸುಮಾರು 87 ಕಿಲೋಮೀಟರ್. 1965ರ ಮಾರ್ಚ್ 7ರಂದು ಆಫ್ರಿಕನ್ ಅಮೆರಿಕನ್ನರಿಗೆ ಮತದಾನದ ಹಕ್ಕು ಕೇಳಿ ಹೊರಟ ಸುಮಾರು 600 ಜನರನ್ನು ಸೆಲ್ಮಾದ ಎಡ್ಮಂಡ್ ಪೆಟಸ್ ಸೇತುವೆ ದಾಟಿದ ಕೂಡಲೇ ಪೊಲೀಸರು ಬಡಿದು ಹಿಂದಕ್ಕೆ ಅಟ್ಟಿದರು. ಮಾರ್ಚ್ 21ರಂದು ಮಾರ್ಟಿನ್ ಲೂಥರ್ ಕಿಂಗ್ ಮುಂದಾಳತ್ವದಲ್ಲಿ ಮತ್ತೆ ಹೊರಟರು, 25ರಂದು ರಾಜ್ಯದ ರಾಜಧಾನಿ ಮಾಂಟ್ಗೊಮರಿ ಮುಟ್ಟಿದರು. ಅದೇ ವರ್ಷ ಮತದಾನ ಹಕ್ಕು ಕಾಯ್ದೆ ಬಂತು. ಈ ಹಾದಿಗೆ ರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದು 1996ರಲ್ಲಿ. ನಡೆದವರಲ್ಲಿ ಎಷ್ಟೋ ಜನ ಆಗ ಅಲ್ಲೇ, ಅದೇ ರಸ್ತೆಯ ಬದಿಯಲ್ಲಿ ಬದುಕಿದ್ದರು. ನೂರಿನ್ನೂರು ವರ್ಷ ಹಿಂದಿನ ಗಾಡಿಗಳ ಹಾದಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಇಲ್ಲಿ ಇತಿಹಾಸ ಅಂದರೆ ಪಕ್ಕದ ಮನೆಯ ಅಜ್ಜಿ.

ಹಾದಿಯ ಎರಡು ತುದಿಗಳಲ್ಲಿ ಊರುಗಳಿವೆ. ನಡುವೆ ಲೌಂಡ್ಸ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಇಂದಿಗೂ ಅಲ್ಲಿ ಸುಮಾರು 10 ಸಾವಿರ ಜನ ಅಷ್ಟೆ. 1965ರಲ್ಲಿ ಅಲ್ಲಿನ ಹತ್ತು ಜನರಲ್ಲಿ ಎಂಟು ಜನ ಆಫ್ರಿಕನ್ ಅಮೆರಿಕನ್ನರು. ಆ ವರ್ಷದ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಬಹುಪಾಲು ಜನ ಇನ್ನೊಬ್ಬರ ಹೊಲದಲ್ಲಿ ಕೋರಿಗೆ ದುಡಿಯುವವರು, ಧಣಿ ಕೊಟ್ಟ ಮನೆಯಲ್ಲಿ ಇರುವವರು. ಹೆಸರು ನೋಂದಾಯಿಸಿದ್ದಕ್ಕೆ ಎಷ್ಟೋ ಕುಟುಂಬಗಳನ್ನು ಮನೆಯಿಂದ ಹೊರಗೆ ಹಾಕಿದರು. ಅವರು ಹೆದ್ದಾರಿ 80ರ ಪಕ್ಕದಲ್ಲೇ ಡೇರೆ ಹೊಡೆದು, ಮಕ್ಕಳು ಮರಿ ಕಟ್ಟಿಕೊಂಡು, ಎರಡು ವರ್ಷದ ಮೇಲೆ ಅಲ್ಲೇ ಕಳೆದರು. ಆ ಜಾಗವನ್ನು ಟೆಂಟ್ ಸಿಟಿ ಅನ್ನುತ್ತಾರೆ. ಈಗ ಅಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯ ಮಾಹಿತಿ ಕೇಂದ್ರ ಇದೆ. ಅದು 2006ರಲ್ಲಿ ತೆರೆಯಿತು.

ಈ ಕೇಂದ್ರವನ್ನು ಟೆಂಟ್ ಸಿಟಿಯ ಜಾಗದಲ್ಲೇ ಕಟ್ಟಿದ್ದು ತುಂಬಾ ಒಳ್ಳೆಯ ಕೆಲಸ ಎಂದು ನಾನು ನಂಬಿದ್ದೇನೆ. ಸೇತುವೆಯ ಚಿತ್ರ ಎಲ್ಲರೂ ನೋಡಿದ್ದಾರೆ. ಡೇರೆಗಳ ಕಥೆ ಹೊರಗಿನವರಿಗೆ ಗೊತ್ತಿರಲಿಲ್ಲ. ಮಾನ್ಯತೆ ಇಲ್ಲದಿದ್ದರೆ ಆ ಹೊಲ ಇಷ್ಟು ಹೊತ್ತಿಗೆ ಬರೀ ಹುಲ್ಲುಗಾವಲಾಗಿ ಉಳಿಯುತ್ತಿತ್ತು, ಅಷ್ಟೆ.

ಇನ್ನು ಶಿಬಿರಗಳ ವಿಷಯ. ನಡಿಗೆಯವರು ರಾತ್ರಿ ತಂಗಿದ ನಾಲ್ಕು ಜಾಗಗಳಲ್ಲಿ ಮೂರು ಖಾಸಗಿ ಹೊಲಗಳು. ಡೇವಿಡ್ ಹಾಲ್, ರೋಸಿ ಸ್ಟೀಲ್, ರಾಬರ್ಟ್ ಗಾರ್ಡ್ನರ್ ಎಂಬ ಆಫ್ರಿಕನ್ ಅಮೆರಿಕನ್ ರೈತರದು. ನಾಲ್ಕನೆಯದು ಮಾಂಟ್ಗೊಮರಿಯ ಸೇಂಟ್ ಜೂಡ್ ಎಂಬ ಕ್ಯಾಥೊಲಿಕ್ ಆವರಣ. ಗಾರ್ಡ್ನರ್ ಹೊಲದಲ್ಲಿ ಮಳೆ ಬಂದು ಕೆಸರೋ ಕೆಸರು. ಈ ರೈತರಿಗೆ ಜಾಗ ಕೊಡುವ ಧೈರ್ಯ ಬಂದದ್ದು ಹೇಗೆ? ಜಮೀನು ಅವರದೇ ಆಗಿತ್ತು. ಧಣಿಯ ಹೊಲದಲ್ಲಿ ಇದ್ದವರನ್ನು ಒಂದೇ ರಾತ್ರಿಯಲ್ಲಿ ಹೊರಗೆ ಹಾಕಬಹುದಿತ್ತು. ಇವರನ್ನು ಹಾಗೆ ಹಾಕುವಂತಿರಲಿಲ್ಲ. ಬೆದರಿಕೆ, ನಷ್ಟ ಎಲ್ಲದರ ಅಪಾಯ ಇದ್ದರೂ ಬಾಗಿಲು ತೆಗೆದರು. ಹಾಗಾಗಿ ಈ ಹಾದಿಯ ಚರಿತ್ರೆಯಲ್ಲಿ ಜಮೀನಿನ ಹಕ್ಕು ಪಕ್ಕದ ವಿಷಯ ಅಲ್ಲ, ಅದೇ ನಡುಮನೆ.

ಮಾನ್ಯತೆ ಬಂದು 25 ವರ್ಷ ಆದ ಮೇಲೆ, 2021ರಲ್ಲಿ, ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಟ್ರಸ್ಟ್ ಎಂಬ ಸರ್ಕಾರೇತರ ಸಂಸ್ಥೆ ಇದೇ ಶಿಬಿರದ ಹೊಲಗಳನ್ನು ದೇಶದ ಅತ್ಯಂತ ಅಪಾಯದಲ್ಲಿರುವ 11 ತಾಣಗಳ ಪಟ್ಟಿಗೆ ಸೇರಿಸಿತು. ರಸ್ತೆಬದಿಯಲ್ಲಿ ಶಿಬಿರದ ಫಲಕ ಇದೆ. ಮನೆಯ ಸೂರು ಸೋರುತ್ತಿದ್ದರೆ ಆ ಫಲಕ ಏನು ಮಾಡೀತು? ರಿಪೇರಿಯ ಖರ್ಚು ಮನೆಯವರ ತಲೆಯ ಮೇಲೆ.

‘ಅನುದಾನ ಇದೆಯಲ್ಲ, ಅರ್ಜಿ ಹಾಕಲಿ’ ಅನ್ನುವವರಿಗೆ ನನ್ನ ಕೆಲಸದಲ್ಲಿ ದಿನವೂ ಎದುರಾಗುವ ಒಂದು ಗಂಟನ್ನು ತೋರಿಸುತ್ತೇನೆ. ದಕ್ಷಿಣದ ಈ ಭಾಗದಲ್ಲಿ ಅಜ್ಜ ವಿಲ್ ಬರೆಯದೇ ತೀರಿಕೊಂಡಿರುತ್ತಾನೆ. ಜಮೀನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಪಾಲಾಗದೆ ಒಟ್ಟಿಗೆ ಬರುತ್ತದೆ. ನಮ್ಮಲ್ಲಿ ಪೌತಿ ಖಾತೆ ಆಗದೆ ತಾತನ ಹೆಸರಿನಲ್ಲೇ ಉಳಿದ ಪಹಣಿ ಇರುತ್ತದಲ್ಲ, ಅದೇ ಕಥೆ. ಒಬ್ಬ ಮಗಳು ಹೊಲದಲ್ಲಿ ಇರುತ್ತಾಳೆ, ಉಳಿದ ಪಾಲುದಾರರು ಡೆಟ್ರಾಯಿಟ್, ಷಿಕಾಗೊಗಳಲ್ಲಿ, ಕೆಲವರ ವಿಳಾಸವೇ ಗೊತ್ತಿಲ್ಲ. ಅನುದಾನ ಕೊಡುವವರು ಮೊದಲು ಕೇಳುವುದು ಚೊಕ್ಕ ಹಕ್ಕುಪತ್ರ. ಅದಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ದೂರದ ಒಬ್ಬ ಪಾಲುದಾರನಿಂದ ಸಣ್ಣ ಪಾಲು ಕೊಂಡವನು ಕೋರ್ಟಿಗೆ ಹೋಗಿ ಇಡೀ ಜಮೀನನ್ನು ಹರಾಜಿಗೆ ತರಿಸಬಹುದಿತ್ತು. ಹೀಗೆ ಕುಟುಂಬಗಳು ಭೂಮಿ ಕಳೆದುಕೊಂಡದ್ದು ಲೆಕ್ಕವಿಲ್ಲ. ಅಲಬಾಮಾ 2014ರಲ್ಲಿ ಇದಕ್ಕೆ ಒಂದಿಷ್ಟು ತಡೆ ಹಾಕುವ ಕಾಯ್ದೆ ಮಾಡಿತು. ಹಾದಿ ಘೋಷಣೆಯ ಸುದ್ದಿ ಬಂದ ಊರಿಗೆ ನಾನು ಹೇಳುವ ಮೊದಲ ಮಾತು ಅದಕ್ಕೇ ಇದು: ಫಲಕಕ್ಕೆ ಮುಂಚೆ ವಕೀಲರನ್ನು ಕರೆಸಿ, ಊರವರ ಹಕ್ಕುಪತ್ರ ಸರಿಮಾಡಿಸಿ.

ಎರಡನೆಯ ಮಾತು ಮಲದ ಗುಂಡಿ. ಓದುವಾಗ ಇದೆಲ್ಲಿಂದ ಬಂತು ಅನಿಸಬಹುದು. ಈ ಸೀಮೆಗೆ ಬ್ಲ್ಯಾಕ್ ಬೆಲ್ಟ್ ಎಂಬ ಹೆಸರು ಬಂದದ್ದೇ ಮಣ್ಣಿನ ಬಣ್ಣದಿಂದ. ಧಾರವಾಡ, ಗದಗದ ಕಡೆಯವರು ಎರೆ ಮಣ್ಣು ಅನ್ನುತ್ತಾರಲ್ಲ, ಮಳೆಗೆ ಉಬ್ಬುವ, ಬಿಸಿಲಿಗೆ ಬಿರಿಯುವ ಮಣ್ಣು, ಅದೇ ಗುಣ. ಹತ್ತಿಗೆ ಒಳ್ಳೆಯದು, ಆದರೆ ನೀರು ಇಂಗುವುದಿಲ್ಲ. ಸಾಮಾನ್ಯ ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದಿಲ್ಲ, ವಿಶೇಷ ವ್ಯವಸ್ಥೆಗೆ ಹತ್ತಾರು ಸಾವಿರ ಡಾಲರ್ ಬೇಕು. ಚರಂಡಿ ಲೈನು ಬಹಳ ಕಡೆ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಕ್ಕಸಿನ ಪೈಪು ನೇರವಾಗಿ ಹಿತ್ತಿಲಿಗೆ. ಅಲ್ಲೇ ಬೆಳೆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಇದನ್ನು ದೇಶದ ಮುಂದೆ ಇಟ್ಟರು. 2017ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರರು ಬಂದು ನೋಡಿ ಹೋದರು. 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಇದನ್ನು ಸರಿಪಡಿಸಲು ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಆ ಒಪ್ಪಂದವನ್ನು ಕೈಬಿಟ್ಟಿತು. ಇದು ಅನ್ಯಾಯ, ಬೇರೆ ಮಾತು ನನಗೆ ಸಿಗುವುದಿಲ್ಲ.

ಇದಕ್ಕೂ ಹಾದಿಗೂ ಏನು ಸಂಬಂಧ ಅಂದರೆ, ರಸ್ತೆಬದಿಯಲ್ಲಿ ಒಂದು ಊಟದ ಮನೆ, ನಾಲ್ಕು ಕೋಣೆಯ ವಸತಿಗೃಹ ತೆರೆಯಬೇಕಾದರೆ ಮೊದಲು ಬೇಕಾದದ್ದು ಕೊಳಚೆ ನೀರಿನ ಪರವಾನಗಿ. ಅದು ಸಿಗದ ಕಡೆ ಪ್ರವಾಸಿಗ ನಿಲ್ಲುವುದಿಲ್ಲ, ನಿಲ್ಲಲು ಜಾಗವೇ ಇಲ್ಲ. ಹೆದ್ದಾರಿ ಈಗ ನಾಲ್ಕು ಲೇನ್. ಐದು ದಿನ ನಡೆದ ದಾರಿಯನ್ನು ಕಾರಿನಲ್ಲಿ ಒಂದು ಗಂಟೆಯಲ್ಲಿ ಮುಗಿಸಬಹುದು. ಬೆಳಿಗ್ಗೆ ಸೆಲ್ಮಾದ ಸೇತುವೆಯ ಮೇಲೆ ಫೋಟೊ, ನಡುವೆ ಮಾಹಿತಿ ಕೇಂದ್ರದಲ್ಲಿ ಅರ್ಧ ಗಂಟೆ, ಮಧ್ಯಾಹ್ನದ ಊಟ ಮಾಂಟ್ಗೊಮರಿಯಲ್ಲಿ. ದುಡ್ಡು ಬೀಳುವುದು ಹೋಟೆಲ್ ಇರುವ ಕಡೆ, ಅಂದರೆ ಹಾದಿಯ ತುದಿಯಲ್ಲಿ. ಅತಿ ಹೆಚ್ಚು ಬೆಲೆ ತೆತ್ತ ನಡುವಿನ ಜನರಿಗೆ ಕಾರುಗಳ ಸದ್ದು ಮಾತ್ರ ಜಾಸ್ತಿ.

ಸೆಲ್ಮಾಗಾದರೂ ಪೂರ್ತಿ ಲಾಭ ಆಯಿತಾ? 1960ರಲ್ಲಿ ಅಲ್ಲಿ 28 ಸಾವಿರಕ್ಕೂ ಹೆಚ್ಚು ಜನ ಇದ್ದರು, 2020ರಲ್ಲಿ 18 ಸಾವಿರದ ಆಸುಪಾಸು. 1977ರಲ್ಲಿ ಕ್ರೇಗ್ ವಾಯುನೆಲೆ ಮುಚ್ಚಿ ಕೆಲಸಗಳು ಹೋದವು, 2023ರ ಜನವರಿಯಲ್ಲಿ ಸುಂಟರಗಾಳಿ ಊರನ್ನು ಸೀಳಿತು. ಪ್ರತಿ ಮಾರ್ಚ್ ತಿಂಗಳಲ್ಲಿ ಸೇತುವೆ ದಾಟುವ ವಾರ್ಷಿಕೋತ್ಸವಕ್ಕೆ ಸಾವಿರಾರು ಜನ ಸೇರುತ್ತಾರೆ, ಅಧ್ಯಕ್ಷರೂ ಬಂದದ್ದುಂಟು. ಉಳಿದ ಹನ್ನೊಂದು ತಿಂಗಳು ಪೇಟೆಯ ಎಷ್ಟೋ ಅಂಗಡಿಗಳ ಬಾಗಿಲು ಹಾಕಿಯೇ ಇರುತ್ತದೆ. ಹೋದ ವಾಯುನೆಲೆಯ ಸಂಬಳವನ್ನು ಒಂದು ಹಾದಿ ತುಂಬಿಕೊಡಲಿ ಎಂದು ಕೇಳುವುದು ಹಾದಿಗೂ ಭಾರ, ಊರಿಗೂ ಮೋಸ.

ಹಾಗಾದರೆ ಮಾನ್ಯತೆ ಬೇಡವಾ? ಬೇಕು. ಖಂಡಿತ ಬೇಕು. ಅದು ಕೊಡುವುದು ಹಣಕ್ಕಿಂತ ಹೆಚ್ಚಾಗಿ ಮಾತಾಡುವ ಜಾಗ. ಹೆದ್ದಾರಿ ಅಗಲ ಮಾಡುವವರ ಎದುರು, ಪಠ್ಯ ಬರೆಯುವವರ ಎದುರು, ಊರಿನ ಕುಟುಂಬಗಳು ‘ಇದು ನಮ್ಮದು, ದೇಶವೇ ಒಪ್ಪಿಕೊಂಡಿದೆ’ ಎಂದು ನಿಲ್ಲಬಹುದು. ಆ ಜಾಗದಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಸಲಹಾ ಸಮಿತಿಯಲ್ಲಿ ವಿಶ್ವವಿದ್ಯಾಲಯದವರು, ಪ್ರವಾಸೋದ್ಯಮದವರು ತುಂಬಿ ಹೊಲದ ಮಾಲೀಕರು ಒಬ್ಬರೂ ಇಲ್ಲದಿದ್ದರೆ ಯೋಜನೆಯಲ್ಲಿ ಫಲಕ ಇರುತ್ತದೆ, ಶೌಚಾಲಯ ಇರುವುದಿಲ್ಲ.

2023ರ ಜನವರಿಯಲ್ಲಿ ಬಟರ್‌ಫೀಲ್ಡ್ ಓವರ್‌ಲ್ಯಾಂಡ್ ಹಾದಿ ಪಟ್ಟಿಗೆ ಸೇರಿತು. 1858ರಿಂದ 1861ರವರೆಗೆ ಮಿಸೌರಿ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಟಪಾಲು ಹೊತ್ತ ಕುದುರೆಗಾಡಿಗಳ ದಾರಿ, ಇಂದಿನ ಹಲವು ರಾಜ್ಯಗಳಲ್ಲಿ ಹಾಯುತ್ತದೆ. ಮೂಲನಿವಾಸಿಗಳಾದ ಚಾಕ್ಟಾ, ಚಿಕಸಾ ಜನರ ನೆಲ, ಅಪಾಚೆಯವರ ಕಣಿವೆ, ದನಗಾಹಿಗಳ ಹುಲ್ಲುಗಾವಲು, ಎಲ್ಲ ಅದರಲ್ಲಿ ಬರುತ್ತವೆ. ಇಂಥ ಹೊಸ ಹಾದಿಯ ಬದಿಯಲ್ಲಿ ನೀವು ಇದ್ದರೆ, ಯೋಜನೆಯ ಕರಡು ಬಂದಾಗ ಸುಮ್ನೆ ಕೂರಬೇಡಿ. ನಮ್ಮ ಊರಿನಲ್ಲಿ ಗಾಡಿ ನಿಲ್ಲಿಸುವ ಜಾಗ ಎಲ್ಲಿ, ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ, ಅದನ್ನು ನೋಡಿಕೊಳ್ಳುವವರ ಸಂಬಳ ಯಾರದು, ಫಲಕದ ಮೇಲಿನ ಬರಹವನ್ನು ಅಂತಿಮ ಮಾಡುವ ಮುಂಚೆ ಯಾರಿಗೆ ತೋರಿಸುತ್ತೀರಿ, ಈ ನಾಲ್ಕನ್ನೂ ಬರವಣಿಗೆಯಲ್ಲಿ ಕೇಳಿ. ಗಡುವಿನೊಳಗೆ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ.