ನಲ್ಲಿ ನಿಲ್ಲಿಸಿ, ಆಮೇಲೆ ರೇಜರ್ ಹಿಡಿಯಿರಿ

ಅವರ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಬಿಚ್ಚಿ ನೋಡಿದೆ. ತೋರುಬೆರಳಿನಿಂದ ನಡುಬೆರಳಿಗೆ ಹಾದುಹೋದ ಒಂದೇ ಗೆರೆ. ಬೆರಳು ಜೋಡಿಸಿದರೆ ಸ್ಕೇಲ್ ಇಟ್ಟು ಎಳೆದ ಹಾಗೆ ಕಾಣುತ್ತಿತ್ತು. ತುಂಬಾ ಆಳ ಇರಲಿಲ್ಲ, ಆದರೆ ಬೆರಳು ಮಡಚುವ ಜಾಗ. ಮಡಚಿದಾಗೆಲ್ಲ ಬಾಯಿ ಬಿಡುತ್ತಿತ್ತು. "ಏನಾಯ್ತು?" ಎಂದೆ. "ಗಡ್ಡ ಮಾಡ್ಕೊಳ್ತಿದ್ದೆ ಡಾಕ್ಟ್ರೇ" ಎಂದರು. ಕೆನ್ನೆ ನೋಡಿದೆ. ಅಲ್ಲಿ ಒಂದು ಗೀರೂ ಇರಲಿಲ್ಲ.

ಶವರ್ ಕೆಳಗೆ ನಿಂತು ಗಡ್ಡ ತೆಗೆಯುವಾಗ ಸೋಪು ಮೆತ್ತಿದ ಕೈಯಿಂದ ರೇಜರ್ ಜಾರಿದೆ. ಬೀಳುವುದನ್ನು ಹಿಡಿಯಲು ಕೈ ತಾನಾಗಿಯೇ ಹೋಗಿದೆ. ಅದು ಎರಡೂ ಕಡೆ ಅಲಗಿರುವ, ಬ್ಲೇಡು ಬದಲಾಯಿಸುವ ಹಳೆಯ ಬಗೆಯ ಸೇಫ್ಟಿ ರೇಜರ್. ಬ್ಲೇಡು ಅವತ್ತೇ ಹಾಕಿದ್ದು.

ಚರ್ಮದ ವೈದ್ಯರಾದ ನಮ್ಮ ಬಳಿ ಇಂಥವರು ಆಗಾಗ ಬರುತ್ತಾರೆ. ಗಾಯಕ್ಕಿಂತ ಜಾಸ್ತಿ ಕತ್ತಿನ ಗುಳ್ಳೆಗೆ, ಉರಿಗೆ, ಒಳಗೆ ಸುರುಳಿಯಾದ ಕೂದಲಿಗೆ ಬರುತ್ತಾರೆ. ಹಳೆಯ ರೇಜರ್‌ಗೆ ಮರಳಿದವರು ಕೇಳುವ ಪ್ರಶ್ನೆ ಒಂದೇ: ಇದನ್ನು ಶವರ್‌ನಲ್ಲಿ ಬಳಸಬಹುದಾ? ಬಳಸಬಹುದು. ಆದರೆ ನೀರು ಬ್ಲೇಡಿಗಿಂತ ಮೊದಲು ಬೇಕು, ಬ್ಲೇಡಿನ ಜೊತೆಗೆ ಬೇಡ. ಶವರ್‌ನಲ್ಲಿ ಕೂದಲು ನೆನೆಸಿ. ನಲ್ಲಿ ನಿಲ್ಲಿಸಿ. ಆಮೇಲೆ ರೇಜರ್ ಹಿಡಿಯಿರಿ.

ಮೊದಲು ನೀರಿನಿಂದ ಆಗುವ ಒಳ್ಳೆಯದನ್ನು ಹೇಳುತ್ತೇನೆ, ಏಕೆಂದರೆ ಅದು ನಿಜಕ್ಕೂ ದೊಡ್ಡದು. ಗಡ್ಡದ ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಉಗುರಿನಲ್ಲಿ ಇರುವುದೂ ಅದೇ. ಸ್ನಾನ ಆದ ಮೇಲೆ ಉಗುರು ಕತ್ತರಿಸಿದರೆ ಎಷ್ಟು ಸಲೀಸು ಅಂತ ನಿಮಗೇ ಗೊತ್ತಲ್ವಾ? ಕೂದಲಿನಲ್ಲೂ ಆಗುವುದು ಅದೇ. ಕೆರಟಿನ್ ಎಳೆಗಳನ್ನು ಹಿಡಿದಿಟ್ಟಿರುವ ಹಲವು ಬಂಧಗಳಲ್ಲಿ ಹೈಡ್ರೋಜನ್ ಬಂಧ ಒಂದು. ನೀರು ಒಳಗೆ ಹೋದಾಗ ಆ ಬಂಧ ಸಡಿಲವಾಗುತ್ತದೆ, ಕೂದಲು ಉಬ್ಬುತ್ತದೆ, ಮೆತ್ತಗಾಗುತ್ತದೆ. ಒಣಗಿದಾಗ ಮತ್ತೆ ಮೊದಲಿನಂತೆ ಗಟ್ಟಿ. ಒಣ ಕೂದಲಿಗೆ ಹೋಲಿಸಿದರೆ ನೆನೆದ ಕೂದಲನ್ನು ಕತ್ತರಿಸಲು ಬೇಕಾಗುವ ಬಲ ಎಷ್ಟೋ ಕಡಿಮೆ. ಬಲ ಕಡಿಮೆ ಆದರೆ ಕೂದಲಿನ ಬುಡ ಎಳೆದಂತಾಗುವುದಿಲ್ಲ. ಉರಿಯೂ ಕಡಿಮೆ.

ಇದಕ್ಕೆ ಅರ್ಧ ಗಂಟೆ ಬೇಕಿಲ್ಲ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ಸಾಕು. ಮುಖದ ಕೂದಲಿಗೆ ಚರ್ಮದ ಎಣ್ಣೆ ಅಂಟಿರುತ್ತದೆ. ಅದಕ್ಕೇ ಮೊದಲು ಸೋಪಿನಿಂದ ಮುಖ ತೊಳೆದುಬಿಡಿ, ನೀರು ಬೇಗ ಒಳಗೆ ಇಳಿಯುತ್ತದೆ. ಸುಡು ನೀರು ಬೇಡ. ಅದು ಕೂದಲಿಗಿಂತ ಮೊದಲು ಚರ್ಮವನ್ನು ಕೆಣಕುತ್ತದೆ.

ಜಾಸ್ತಿ ಹೊತ್ತು ನೆನೆದರೆ ಇನ್ನೂ ಒಳ್ಳೆಯದು ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಕೂದಲಿನ ಹಾಗೇ ಚರ್ಮದ ಮೇಲ್ಪದರವೂ ನೀರು ಕುಡಿಯುತ್ತದೆ, ಉಬ್ಬುತ್ತದೆ. ಮುಖದಲ್ಲಿ ಆ ಪದರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು, ಅಷ್ಟು ತೆಳು. ಉಬ್ಬಿದ ಪದರವನ್ನು ಬ್ಲೇಡು ಕೂದಲಿನ ಜೊತೆಗೇ ಕೆರೆದು ತೆಗೆಯುತ್ತದೆ. ಆಗ ಗೊತ್ತಾಗುವುದಿಲ್ಲ, ಅರ್ಧ ಗಂಟೆ ಬಿಟ್ಟು ಮುಖ ಉರಿಯುತ್ತದೆ. ಬೆರಳ ತುದಿ ಸುಕ್ಕಾಗುವಷ್ಟು ಹೊತ್ತು ನಿಂತಿದ್ದರೆ ಅವತ್ತು ಗಡ್ಡ ಬಿಟ್ಟುಬಿಡಿ, ಇಲ್ಲವೇ ಒಂದೇ ಸಲ ಹಗುರಾಗಿ ರೇಜರ್ ಆಡಿಸಿ ಮುಗಿಸಿ.

ಈಗ ಶವರ್ ಕಸಿದುಕೊಳ್ಳುವುದರ ಬಗ್ಗೆ. ಕಣ್ಣು ಮೊದಲು ಹೋಗುತ್ತದೆ. ಹಬೆ ತಣ್ಣಗಿನ ಕನ್ನಡಿಗೆ ತಾಗಿ ಸಣ್ಣ ಹನಿಗಳಾಗುತ್ತದೆ, ಆ ಹನಿಗಳು ಬೆಳಕನ್ನು ಚದುರಿಸುತ್ತವೆ. ಕನ್ನಡಿಗೆ ಸ್ವಲ್ಪ ಶೇವಿಂಗ್ ಸೋಪು ಸವರಿ ಒಣ ಬಟ್ಟೆಯಲ್ಲಿ ಒರೆಸಿದರೆ ನೀರು ಹನಿಯಾಗದೆ ತೆಳ್ಳಗೆ ಹರಡಿಕೊಳ್ಳುತ್ತದೆ. ಒಂದಷ್ಟು ಹೊತ್ತು ಮುಖ ಕಾಣುತ್ತದೆ. ಕನ್ನಡಿಯೇ ಬೇಡ, ಮುಟ್ಟಿ ನೋಡಿಕೊಂಡೇ ಮಾಡುತ್ತೇನೆ ಎನ್ನುವವರೂ ಇದ್ದಾರೆ. ಅಭ್ಯಾಸ ಆದವರಿಗೆ ಬೆರಳು ಒಳ್ಳೆಯ ಕಣ್ಣು, ಒಪ್ಪುತ್ತೇನೆ. ಆದರೆ ಕಿವಿಯ ಬುಡ, ಮೂಗಿನ ಕೆಳಗೆ, ಉಬ್ಬಿದ ಮಚ್ಚೆ ಇರುವ ಕಡೆ ಬೆರಳನ್ನಷ್ಟೇ ನಂಬಬೇಡಿ. ಮಚ್ಚೆಯ ಮೇಲೆ ಬ್ಲೇಡು ಹಾಯಿಸಿಕೊಂಡು ಬಂದವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಆಮೇಲೆ ಹೋಗುವುದು ಕಿವಿ. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಳೆಯ ರೇಜರ್ ಸದ್ದು ಮಾಡುತ್ತದೆ. ಕೋನ ಸರಿ ಇದ್ದರೆ ಒಣ ಕಾಗದದ ಮೇಲೆ ಉಗುರು ಎಳೆದಂಥ ಸಣ್ಣ ಕರಕರ. ಕೋನ ತಪ್ಪಿದರೆ ಸದ್ದೇ ಇಲ್ಲ, ಬ್ಲೇಡು ಬರೀ ನೊರೆ ತೆಗೆಯುತ್ತಿರುತ್ತದೆ. ಕೂದಲು ಮುಗಿದ ಕಡೆಯೂ ಸದ್ದು ನಿಲ್ಲುತ್ತದೆ, ಇನ್ನು ಸಾಕು ಎಂಬ ಸೂಚನೆ ಅದು. ತಲೆಯ ಮೇಲೆ ನೀರು ಸುರಿಯುತ್ತಿದ್ದರೆ ಈ ಸದ್ದು ಕೇಳುವುದೇ ಇಲ್ಲ. ಕೇಳದಿದ್ದಾಗ ಕೈ ಏನು ಮಾಡುತ್ತದೆ ಗೊತ್ತಾ? ಒತ್ತುತ್ತದೆ. ಮುಗಿದ ಜಾಗಕ್ಕೇ ಮತ್ತೆ ಮತ್ತೆ ಹೋಗುತ್ತದೆ. ನಾನು ನೋಡುವ ಶವರ್ ಉರಿಗಳಲ್ಲಿ ಬಹಳಷ್ಟಕ್ಕೆ ಇದೇ ಕಾರಣ.

ನೊರೆಯ ಕಥೆ ಗೊತ್ತಿರುವುದೇ, ಹಚ್ಚಿದಂತೆಲ್ಲ ತೊಳೆದು ಹೋಗುತ್ತದೆ. ನೊರೆ ಚಂದಕ್ಕಲ್ಲ. ಅದು ಕೂದಲಿನಲ್ಲಿ ನೀರನ್ನು ಉಳಿಸುತ್ತದೆ, ಬ್ಲೇಡಿಗೂ ಚರ್ಮಕ್ಕೂ ನಡುವೆ ಜಾರುವ ಪದರವಾಗಿ ನಿಲ್ಲುತ್ತದೆ. ಗಡಸು ನೀರಾದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಗಷ್ಟಾಗುತ್ತದೆ, ನೊರೆ ಏಳುವುದೇ ಕಷ್ಟ. ಆಗ ಸೋಪು ಸ್ವಲ್ಪ ಜಾಸ್ತಿ ಹಾಕಿ, ಇಲ್ಲವೇ ಕ್ರೀಮ್ ಬಳಸಿ. ಕೊನೆಯದಾಗಿ ಹಿಡಿತ. ಅದಕ್ಕೆ ಆ ಎರಡು ಬೆರಳೇ ಸಾಕ್ಷಿ.

ಬ್ಲೇಡು ಕೂಡಿಸಿದ ತಲೆಯನ್ನೇ ಇಡಿಯಾಗಿ ಬದಲಾಯಿಸುವ ಕಾರ್ಟ್ರಿಜ್ ರೇಜರ್ ಬಳಸುವವರಿಗೆ ಈ ಕಷ್ಟ ಇಷ್ಟು ಕಾಡುವುದಿಲ್ಲ. ಅದರ ತಲೆ ಮುಖದ ಏರುತಗ್ಗಿಗೆ ತಕ್ಕಂತೆ ತಾನೇ ತಿರುಗುತ್ತದೆ. ಹಳೆಯ ರೇಜರ್ ತಿರುಗುವುದಿಲ್ಲ, ತಿರುಗಬೇಕಾದ್ದು ನಿಮ್ಮ ಮಣಿಕಟ್ಟು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1901ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1904ರಲ್ಲಿ ಪೇಟೆಂಟ್ ಸಿಕ್ಕಿತು. ಮಾರಾಟ ಶುರುವಾದ 1903ರಲ್ಲಿ ಹೋದದ್ದು ಬರೀ 51 ರೇಜರ್, 168 ಬ್ಲೇಡು. ಅಂದಿನಿಂದ ಇದರ ಮೂಲ ವಿನ್ಯಾಸ ಅಷ್ಟೇನೂ ಬದಲಾಗಿಲ್ಲ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳುವಾದ ಬ್ಲೇಡನ್ನು ಎರಡು ಲೋಹದ ತಟ್ಟೆಗಳ ನಡುವೆ ಬಾಗಿಸಿ ಬಿಗಿ ಹಿಡಿಯುತ್ತದೆ, ಅಷ್ಟೆ. ಕನ್ನಡಿ ಮುಂದೆ ನಿಂತು, ಒಣಗಿದ ಕೈಯಲ್ಲಿ ಬಳಸುವವರಿಗಾಗಿ ಆದ ಸಾಧನ ಇದು. ಅದೇ ಸ್ಥಿತಿಯನ್ನು ಶವರ್ ಒಳಗೆ ನಾವು ಮಾಡಿಕೊಳ್ಳಬೇಕು.

ನಾನು ಹೇಳಿಕೊಡುವ ರೀತಿ ಇದು. ಸ್ನಾನದ ಕೊನೆಗೆ ಗಡ್ಡ. ನಲ್ಲಿ ಪೂರ್ತಿ ನಿಲ್ಲಿಸಿ. ಕೈ ತೊಳೆದು ಟವೆಲಿನಲ್ಲಿ ಒರೆಸಿಕೊಳ್ಳಿ, ಮುಖ ಒರೆಸಬೇಡಿ. ಬ್ರಷ್‌ನಿಂದ ನೊರೆ ಹಚ್ಚಿ. ಹಚ್ಚಿದ ಕೈಗೆ ಸೋಪು ತಾಗಿದ್ದರೆ ಮತ್ತೆ ತೊಳೆದು ಒರೆಸಿ. ಬೇಜಾರು ಅನಿಸಿದರೂ ಇದನ್ನು ಬಿಡಬೇಡಿ. ಈಗ ರೇಜರ್‌ನ ತಲೆಯನ್ನು ಕೆನ್ನೆಗೆ ಚಪ್ಪಟೆಯಾಗಿ ಇಡಿ. ಹಿಡಿ ಮುಖದಿಂದ ನೇರ ಹೊರಗೆ ಚಾಚಿರುತ್ತದೆ. ಅದನ್ನು ಮೆಲ್ಲಗೆ ಕೆಳಗಿಳಿಸುತ್ತಾ ಬನ್ನಿ. ಒಂದು ಹಂತದಲ್ಲಿ ಅಲಗು ಚರ್ಮಕ್ಕೆ ತಾಗಿದ್ದು ತಿಳಿಯುತ್ತದೆ. ಅಲ್ಲೇ ನಿಲ್ಲಿ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಇರುತ್ತದೆ. ಇನ್ನು ಒತ್ತಬೇಕಿಲ್ಲ, ರೇಜರ್‌ನ ಭಾರವೇ ಸಾಕು. ಒಂದೆರಡು ಸೆಂಟಿಮೀಟರಿನ ಸಣ್ಣ ಎಳೆತ, ಕಿವಿಯಲ್ಲಿ ಕರಕರ.

ಯಾವ ದಿಕ್ಕಿಗೆ ಎಳೆಯಬೇಕು ಎನ್ನುವುದನ್ನು ಒದ್ದೆ ಮುಖದಲ್ಲಿ ಕಂಡುಹಿಡಿಯಲು ಆಗದು. ಒಂದು ದಿನ ಗಡ್ಡ ಬಿಟ್ಟು, ಒಣ ಕೆನ್ನೆಯ ಮೇಲೆ ಬೆರಳಾಡಿಸಿ ನೋಡಿ. ನುಣ್ಣಗೆ ಜಾರುವ ಕಡೆಗೆ ಕೂದಲು ಮಲಗಿದೆ, ಚುಚ್ಚಿದರೆ ಎದುರು ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕತ್ತಿನಲ್ಲಿ ಮಾತ್ರ ಏನೂ ಹೇಳಲಾಗದು. ಎಷ್ಟೋ ಜನರಿಗೆ ಅಲ್ಲಿ ಅಡ್ಡಕ್ಕೆ ಮಲಗಿರುತ್ತದೆ, ಕೆಲವರಿಗೆ ಎಡಬದಿ ಒಂದು ರೀತಿ, ಬಲಬದಿ ಇನ್ನೊಂದು. ಕೂದಲು ಮಲಗಿದ ದಿಕ್ಕಿಗೇ ರೇಜರ್ ಎಳೆಯಿರಿ.

ಎದುರು ದಿಕ್ಕಿಗೆ ಎಳೆದರೆ ಇನ್ನೂ ನುಣ್ಣಗಾಗುತ್ತದೆ, ನಿಜ. ಗುಂಗುರು ಕೂದಲಿನವರು ಆ ಆಸೆ ಬಿಡುವುದೇ ಒಳ್ಳೆಯದು. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು ಎದುರಿಗೆ ಕತ್ತರಿಸಿದಾಗ, ಕೈ ಬಿಟ್ಟ ಕೂಡಲೇ ಕೂದಲಿನ ತುದಿ ಚರ್ಮದ ಒಳಗೆ ಸರಿಯುತ್ತದೆ. ತುದಿ ಈಟಿಯಂತೆ ಚೂಪು. ಬೆಳೆಯುವಾಗ ಅದು ಹೊರಗೆ ಬರುವ ಬದಲು ಪಕ್ಕದ ಗೋಡೆಯನ್ನೇ ಚುಚ್ಚುತ್ತದೆ, ಇಲ್ಲವೇ ಹೊರಬಂದು ಬಾಗಿ ಮತ್ತೆ ಚರ್ಮದೊಳಗೆ ನುಗ್ಗುತ್ತದೆ. ದೇಹಕ್ಕೆ ಅದು ಮುಳ್ಳು ಹೊಕ್ಕ ಹಾಗೇ. ಗುಳ್ಳೆ ಏಳುತ್ತದೆ, ಕಪ್ಪು ಕಲೆ ಉಳಿಯುತ್ತದೆ. ಹಲವು ಬ್ಲೇಡಿನ ಕಾರ್ಟ್ರಿಜ್‌ನಲ್ಲಿ ಮೊದಲ ಬ್ಲೇಡು ಕೂದಲನ್ನು ಎಳೆಯುತ್ತದೆ, ಹಿಂದಿನದು ಇನ್ನೂ ಕೆಳಗೆ ಕತ್ತರಿಸುತ್ತದೆ. ಹಾಗಾಗಿಯೇ ಗುಳ್ಳೆಯ ತೊಂದರೆ ಇರುವ ಹಲವರಿಗೆ ಒಂದೇ ಅಲಗಿನಿಂದ ಕತ್ತರಿಸುವ ಹಳೆಯ ರೇಜರ್ ಹಿತವಾಗುತ್ತದೆ. ನಾನೇ ಎಷ್ಟೋ ಜನರಿಗೆ ಇದಕ್ಕೆ ಬದಲಾಯಿಸಲು ಹೇಳಿದ್ದೇನೆ.

ಕಾಲಿನ ಕೂದಲು ತೆಗೆಯುವವರಿಗೆ ಒಂದು ಮಾತು. ಒದ್ದೆ ನೆಲದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲಬೇಡಿ. ಕೂತು ಮಾಡಿ. ಮೊಣಕಾಲನ್ನು ಮಡಚಿ ಚರ್ಮ ಸಮ ಮಾಡಿಕೊಳ್ಳಿ. ಮೊಣಕಾಲಿನ ಕೆಳಗಿನ ಎಲುಬು ಮತ್ತು ಹರಡಿನ ಹತ್ತಿರ ಮೈಮರೆಯಬೇಡಿ, ಅಲ್ಲಿ ಚರ್ಮದ ಕೆಳಗೆ ಮೆತ್ತನೆಯದೇನೂ ಇಲ್ಲ.

ಗೀರಾದರೆ ಗಾಬರಿ ಬೇಡ. ಬೆಚ್ಚಗಿನ ನೀರಿಗೆ ರಕ್ತನಾಳ ಹಿಗ್ಗಿರುತ್ತದೆ, ರಕ್ತ ನೀರಿನಲ್ಲಿ ಹರಡಿ ಇರುವುದಕ್ಕಿಂತ ಹತ್ತು ಪಟ್ಟು ಕಾಣುತ್ತದೆ. ತಣ್ಣೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಸಣ್ಣ ಗೀರಿಗೆ ಪಟಿಕ ಒದ್ದೆ ಮಾಡಿ ಸವರಬಹುದು, ಅದು ಚರ್ಮವನ್ನು ಕುಗ್ಗಿಸಿ ರಕ್ತ ನಿಲ್ಲಿಸುತ್ತದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ನಿಲ್ಲುವುದು ತಡವಾಗುತ್ತದೆ. ಅವರು ಶವರ್ ಬಿಟ್ಟು ಕನ್ನಡಿ ಮುಂದೆಯೇ ಗಡ್ಡ ತೆಗೆಯಲಿ, ಸಾಧ್ಯವಾದರೆ ಎಲೆಕ್ಟ್ರಿಕ್ ಶೇವರ್ ಬಳಸಲಿ. ರೇಜರ್ ಜಾರಿದರೆ ಕೈ ಹಿಂದಕ್ಕೆ, ಕಾಲು ಹಿಂದಕ್ಕೆ. ಬೀಳಲಿ ಬಿಡಿ. ಸತುವಿನ ಮಿಶ್ರಲೋಹದ ರೇಜರ್ ಬಿದ್ದರೆ ಮುರಿಯಬಹುದು. ಮುರಿದರೆ ಹೊಸದು ಸಿಗುತ್ತದೆ.

ಇನ್ನು ಬ್ಲೇಡು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ರೇಜರನ್ನು ಶವರ್ ಒಳಗಿನ ಕಪಾಟಿನಲ್ಲಿ ಬಿಡಬೇಡಿ. ಸ್ಟೇನ್‌ಲೆಸ್ ಅಂದಮಾತ್ರಕ್ಕೆ ತುಕ್ಕೇ ಹಿಡಿಯುವುದಿಲ್ಲ ಅಂತಲ್ಲ, ದಿನವಿಡೀ ಒದ್ದೆ ಇದ್ದರೆ ಅಲಗು ಕೆಡುತ್ತದೆ. ತೊಳೆದು, ಕೊಡವಿ, ಒಣಗಿದ ಜಾಗದಲ್ಲಿ ಇಡಿ. ಅಲಗನ್ನು ಟವೆಲಿನಲ್ಲಿ ಉಜ್ಜಬೇಡಿ. ತುಕ್ಕಿನಿಂದಲೇ ಧನುರ್ವಾಯು ಬರುತ್ತದೆ ಎಂದು ಹೆದರುವವರಿದ್ದಾರೆ. ಅದು ತುಕ್ಕಿನಿಂದಲ್ಲ, ಮಣ್ಣು ಧೂಳಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುತ್ತದೆ. ಲಸಿಕೆ ಮಾತ್ರ ತಪ್ಪಿಸಬೇಡಿ. ನಿಜವಾಗಿ ಹೆದರಬೇಕಾದ್ದು ಇನ್ನೊಬ್ಬರ ಬ್ಲೇಡಿಗೆ. ರಕ್ತದಿಂದ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕಡಿಮೆ ಎಂದರೂ ಏಳು ದಿನ ಬದುಕಿರಬಲ್ಲದು. ಗಂಡ ಹೆಂಡತಿಯೇ ಆಗಲಿ, ಅಣ್ಣ ತಮ್ಮನೇ ಆಗಲಿ, ಒಂದೇ ಶವರ್ ಇದ್ದರೂ ರೇಜರ್ ಬೇರೆ ಬೇರೆ ಇರಲಿ.

ಎಷ್ಟು ದಿನಕ್ಕೆ ಬ್ಲೇಡು ಬದಲಾಯಿಸಬೇಕು? ಅದು ಕೂದಲನ್ನು ಕತ್ತರಿಸದೆ ಎಳೆಯಲು ಶುರುಮಾಡಿದ ದಿನವೇ. ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆದು, ಆದರೂ ಅಲಗು ಮೊಂಡಾಗುತ್ತದೆ. ಇದು ಯಾಕೆ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಗಡ್ಡ ಕತ್ತರಿಸಿ ನೋಡಿದರು. ಅಲಗು ಸವೆಯುವುದಕ್ಕಿಂತ ಹೆಚ್ಚಾಗಿ ಚಿಕ್ಕ ಚಿಕ್ಕ ಚೂರಾಗಿ ಒಡೆಯುತ್ತಿತ್ತು. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಅದರಲ್ಲೂ ಉಕ್ಕಿನಲ್ಲಿ ದುರ್ಬಲ ಜಾಗವಿದ್ದಲ್ಲಿ, ಒಡೆಯುವುದು ಜಾಸ್ತಿ. ಸಾಮಾನ್ಯವಾಗಿ ಒಂದು ಬ್ಲೇಡು ಮೂರರಿಂದ ಏಳು ಸಲಕ್ಕೆ ಬರುತ್ತದೆ. ಹಳೆಯದನ್ನು ಸುಮ್ನೆ ಕಸದಬುಟ್ಟಿಗೆ ಎಸೆಯಬೇಡಿ, ಕಸ ಎತ್ತುವವರ ಕೈ ಕೊಯ್ಯುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಕೂಡಿಡಿ.

ಕತ್ತಿನ ತುಂಬ ಗುಳ್ಳೆಯಾಗಿ ಬಂದಿದ್ದ ಹುಡುಗನೊಬ್ಬನಿಗೆ ಗಡ್ಡ ತೆಗೆಯುವುದನ್ನೇ ಒಂದು ತಿಂಗಳು ನಿಲ್ಲಿಸಲು ಹೇಳಿದ್ದೆ. ಬಾಗಿದ ಕೂದಲು ಸುಮಾರು ಒಂದು ಸೆಂಟಿಮೀಟರ್ ಉದ್ದವಾಗುವ ಹೊತ್ತಿಗೆ ತಾನೇ ಸ್ಪ್ರಿಂಗಿನಂತೆ ಹೊರಗೆ ಚಿಮ್ಮುತ್ತದೆ. ಗುಳ್ಳೆ ಇಳಿದ ಮೇಲೆ ಹಳೆಯ ರೇಜರ್ ಹಿಡಿಯುವುದನ್ನು ತೋರಿಸಿಕೊಟ್ಟೆ. ಶವರ್ ಬಿಡಲು ಅವನಿಗೆ ಮನಸ್ಸಿರಲಿಲ್ಲ, ನಾನೂ ಬಿಡು ಎನ್ನಲಿಲ್ಲ. ಮುಂದಿನ ಸಲ ಬಂದಾಗ ಗಲ್ಲ ಎತ್ತಿ ಕತ್ತು ತೋರಿಸಿದ. ಎರಡೇ ಎರಡು ಗುಳ್ಳೆ ಉಳಿದಿದ್ದವು, ಎರಡೂ ಎಡಬದಿಯಲ್ಲಿ, ಗಲ್ಲದ ಮೂಳೆಯ ಕೆಳಗೆ. "ಅಲ್ಲಿ ಸದ್ದೇ ಬರಲ್ಲ ಡಾಕ್ಟ್ರೇ, ಅದಕ್ಕೆ ಒತ್ತಿಬಿಡ್ತೀನಿ" ಎಂದ. ರೇಜರ್ ಹಿಡಿದ ಹಾಗೆ ಒಂದು ಪೆನ್ನು ಕೊಟ್ಟು ಮಾಡಿ ತೋರಿಸಲು ಹೇಳಿದೆ. ಆ ಜಾಗಕ್ಕೆ ಬಂದಾಗ ಮಣಿಕಟ್ಟು ತಿರುಗಿಸುವುದನ್ನು ಅವನು ಮರೆಯುತ್ತಿದ್ದ.