ಮನೆ ಕಂಪ್ಯೂಟರಿಗೆ ಲಿನಕ್ಸ್ ಸಾಕಾ? ಹೊಸಬರಿಗೆ ಒಂದಿಷ್ಟು ಟಿಪ್ಪಣಿ

ಬ್ರೌಸರ್ ಮಟ್ಟಿಗೆ ಉತ್ತರ ಸುಲಭ: ಧಾರಾಳವಾಗಿ ಸಾಕು. ಬೆಸ್ಕಾಂ ಬಿಲ್, ಯೂಟ್ಯೂಬ್, ಮಕ್ಕಳ ಆನ್‌ಲೈನ್ ಕ್ಲಾಸ್, ವಾಟ್ಸಾಪ್ ವೆಬ್ ಎಲ್ಲವೂ ಫೈರ್‌ಫಾಕ್ಸಿನಲ್ಲಿ ಮೊದಲಿನಂತೆಯೇ ನಡೆಯುತ್ತವೆ. ತೊಡಕು ಶುರುವಾಗುವುದು ಬ್ರೌಸರಿನ ಆಚೆ.

ಈ ಪ್ರಶ್ನೆ ಈಗ ಜಾಸ್ತಿ ಕೇಳಿಬರಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು. ಹಾಗಾಗಿ ಚೆನ್ನಾಗಿ ಓಡುತ್ತಿರುವ ಎಷ್ಟೋ ಹಳೆ ಲ್ಯಾಪ್‌ಟಾಪುಗಳು ಹೊರಗುಳಿದವು. ಅವನ್ನು ಗುಜರಿಗೆ ಹಾಕುವುದು ನನಗಂತೂ ಒಪ್ಪುವ ಮಾತಲ್ಲ.

ಲಿನಕ್ಸ್ ಎಂದರೆ 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಕರ್ನಲ್, ಅಂದರೆ ಕಂಪ್ಯೂಟರಿನ ಯಂತ್ರಭಾಗಗಳನ್ನು ನಡೆಸುವ ಮೂಲ ತಂತ್ರಾಂಶ. ಅದರ ಮೇಲೆ ಮೆನು, ಕಿಟಕಿ, ಆಪ್‌ಗಳನ್ನು ಜೋಡಿಸಿ ಕೊಡುವುದು ಡಿಸ್ಟ್ರೋ. ವಿಂಡೋಸ್ ರೂಢಿಯಾದವರು ಲಿನಕ್ಸ್ ಮಿಂಟ್ ಎಂಬ ಡಿಸ್ಟ್ರೋ ಹಾಕಿಕೊಳ್ಳಿ. ಮೆನು, ಟಾಸ್ಕ್‌ಬಾರ್ ಎಲ್ಲ ಗುರುತಿನ ಜಾಗದಲ್ಲೇ ಸಿಗುತ್ತವೆ.

ಇನ್ನು ನಮಗೆ ಮುಖ್ಯವಾದದ್ದು, ಕನ್ನಡ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸಿಗಾಗಿ ಮಾಡಿದ್ದು. ಆದರೆ ಅದರ ಕೀಲಿ ವಿನ್ಯಾಸ ಲಿನಕ್ಸಿನಲ್ಲಿ ಮೊದಲೇ ಇದೆ. ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ಪಟ್ಟಿಯಲ್ಲಿ 'ಕಗಪ' ಹೆಸರಿನದನ್ನು ಸೇರಿಸಿದರೆ ಆಯ್ತು. 'ಕನ್ನಡ' ಎಂದು ಮೂಡಿಸಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ. ಒತ್ತಕ್ಷರಕ್ಕೆ ಎಫ್, ಡಕಾರಕ್ಕೆ ಡಬ್ಲ್ಯೂ. ಬೆರಳಿಗೆ ಹೊಸ ಪಾಠ ಬೇಡ.

ಹಳೆಯ ನುಡಿ ಫೈಲುಗಳ ಕಥೆ ಬೇರೆ. ಈಗ ಎಲ್ಲೆಡೆ ಕನ್ನಡ ಉಳಿಯುವುದು ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ. ಯೂನಿಕೋಡ್‌ಗಿಂತ ಮುಂಚಿನ ರೀತಿಯಲ್ಲಿ ಉಳಿಸಿದ ಪತ್ರದೊಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರಗಳೇ. 'ಕ' ಇರಬೇಕಾದ ಕಡೆ ಪಿ, ಪಕ್ಕದಲ್ಲಿ ತಲೆಮೇಲೆ ಗೀಟಿರುವ ಎ. ಅದಕ್ಕೆ ಕನ್ನಡದ ರೂಪ ಕೊಡುವುದು ನುಡಿ ಫಾಂಟ್. ಫಾಂಟ್ ಇಲ್ಲದೆ ತೆರೆದರೆ ಪುಟವೆಲ್ಲ ಅರ್ಥವಾಗದ ಚಿಹ್ನೆಗಳು. ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ಆ ಫಾಂಟನ್ನು ಲಿನಕ್ಸಿಗೂ ಹಾಕಿ, ಪತ್ರ ಬರೆಯುವ ಉಚಿತ ತಂತ್ರಾಂಶವಾದ ಲಿಬ್ರೆಆಫೀಸಿನಲ್ಲಿ ತೆರೆದರೆ ಓದಬಹುದು. ಮುಂದಕ್ಕೂ ಬೇಕಾದ ಪತ್ರಗಳನ್ನು ಪರಿವರ್ತಕ ಬಳಸಿ ಯೂನಿಕೋಡ್‌ಗೆ ತನ್ನಿ. ನಂತರ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪು ನುಸುಳುವುದು ಅಲ್ಲೇ.

ಯಾರು ಬದಲಾಯಿಸಬಾರದು? ಮನೆಯಿಂದಲೇ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಫೋಟೋಶಾಪಿನಲ್ಲಿ ಮದುವೆ ಆಲ್ಬಂ ಮಾಡುವವರು ವಿಂಡೋಸಿನಲ್ಲೇ ಇರಲಿ. ವ್ಯಾಲರಂಟ್ ಎಂಬ ಗೇಮ್ ಆಡುವ ಮಕ್ಕಳಿದ್ದರೂ ಅಷ್ಟೇ, ಮೋಸದಾಟ ತಡೆಯುವ ಅದರ ಆಂಟಿ-ಚೀಟ್ ತಂತ್ರಾಂಶ ಲಿನಕ್ಸಿನಲ್ಲಿ ನಡೆಯುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದರೆ ಅದಕ್ಕೆ ಲಿನಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ವೈಫೈ ಇರುವ ಈಚಿನ ಪ್ರಿಂಟರುಗಳು ಬಹುಪಾಲು ತಾವಾಗಿಯೇ ಸೇರಿಕೊಳ್ಳುತ್ತವೆ. ಕೇನನ್ ಎಲ್‌ಬಿಪಿ 2900 ತರಹದ ಹಳೆಯ ಲೇಸರ್ ಪ್ರಿಂಟರಿಗೆ ಮಾತ್ರ ಬೇರೆ ಡ್ರೈವರ್ ಹಾಕಿ, ತಾಳ್ಮೆಯಿಂದ ಕೂತು ಹೊಂದಿಸಬೇಕು.

ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವಿನಿಂದ ಲೈವ್ ಆಗಿ ಓಡಿಸಿ ನೋಡಿ, ಹಾರ್ಡ್‌ಡಿಸ್ಕಿಗೆ ಏನೂ ಆಗದು. ಸುಮ್ನೆ ಡೆಸ್ಕ್‌ಟಾಪ್ ನೋಡಿ ಮುಚ್ಚಬೇಡಿ. ಹಾಡು ಹಾಕಿ, ಕ್ಯಾಮೆರಾ ತೆರೆಯಿರಿ, ಒಂದು ಹಾಳೆ ಪ್ರಿಂಟ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿ ಮತ್ತೆ ತೆರೆದಾಗ ಎಚ್ಚರಗೊಳ್ಳುತ್ತದಾ ನೋಡಿ. ವೈಫೈ ಸಿಗದಿದ್ದರೆ ಫೋನನ್ನು ಕೇಬಲ್ಲಿನಿಂದ ಸೇರಿಸಿ ನೆಟ್ ಕೊಟ್ಟು, ಡ್ರೈವರ್ ಮ್ಯಾನೇಜರ್ ತೆರೆಯಿರಿ. ಅಲ್ಲೂ ಏನೂ ಸಿಗಲಿಲ್ಲವೆಂದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಯುಎಸ್‌ಬಿ ವೈಫೈ ಡಾಂಗಲ್ ಸಿಗುತ್ತದೆ. ಅದರೊಳಗಿನ ಚಿಪ್ಪಿಗೆ ಕರ್ನಲ್‌ನಲ್ಲೇ ಡ್ರೈವರ್ ಇದೆಯಾ ಎಂದು ನೋಡಿಕೊಂಡು ತಗೊಳ್ಳಿ.