‘ನೋಡ್ತೀನಿ’ ಅಂದರೆ ಯಾವ ವಾರ?

ಎಂ.ಟೆಕ್ ಮಿನಿ ಪ್ರಾಜೆಕ್ಟ್‌ಗೆ ನಾಲ್ವರ ತಂಡ ಆದ ದಿನವೇ ವಾಟ್ಸಾಪ್ ಗ್ರೂಪ್ ಹುಟ್ಟುತ್ತದೆ. ಗ್ರೂಪಿಗೆ ಏನು ಹೆಸರಿಡಬೇಕು ಅನ್ನುವುದಕ್ಕೇ ಇಪ್ಪತ್ತು ಮೆಸೇಜು. ಕೆಲಸ ಹಂಚುವ ಮಾತು ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಹಾರ್ಡ್‌ವೇರ್ ನೀನು, ಕೋಡ್ ಅವನು, ರಿಪೋರ್ಟ್ ಅವಳು. ಒಬ್ಬೊಬ್ಬರ ಭಾಗವೂ ಅವರವರ ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತಿರುತ್ತದೆ. ಡೆಮೋಗೆ ಮೂರು ದಿನ ಇರುವಾಗ ಜೋಡಿಸಿ ನೋಡಿದರೆ ಎಲ್ಲವೂ ಮಕಾಡೆ.

ಅಡ್ಡಿ ಕಂಡರೆ ತಾನೇ ನಿಲ್ಲುವ ಒಂದು ಪುಟ್ಟ ಗಾಡಿಯನ್ನೇ ತೆಗೆದುಕೊಳ್ಳಿ. ದೂರ ಅಳೆಯಲು ಎಚ್‌ಸಿ-ಎಸ್‌ಆರ್04 ಸೆನ್ಸರ್, ಲೆಕ್ಕಕ್ಕೆ ಇಎಸ್‌ಪಿ32 ಬೋರ್ಡ್. ಸೆನ್ಸರಿನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಬೋರ್ಡಿನ ಪಿನ್ ತಡೆಯುವುದು 3.3 ವೋಲ್ಟ್. ನಡುವೆ 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್‌ಗಳ ಡಿವೈಡರ್, ಅಂದರೆ ವೋಲ್ಟೇಜ್ ಇಳಿಸುವ ಜೋಡಿ, ಹಾಕಬೇಕು. ಹಾಕುವವರು ಯಾರೆಂದು ಯಾರೂ ಹೇಳಿರುವುದಿಲ್ಲ. ಒಬ್ಬರು ಡೇಟಾವನ್ನು 115200 ಬಾಡ್ ವೇಗದಲ್ಲಿ ಕಳಿಸಿ ಇನ್ನೊಬ್ಬರು 9600ರಲ್ಲಿ ಓದಿದರೆ ಪರದೆ ತುಂಬ ಕಸ. ಇವೆರಡೂ ಬೇಗ ಸಿಕ್ಕಿಬೀಳುತ್ತವೆ. ಸಿಗದೆ ಸತಾಯಿಸುವುದು ಮೂರನೆಯದು: ಕಳಿಸುವವರು ಸೆಂಟಿಮೀಟರ್‌ನಲ್ಲಿ ಕಳಿಸುತ್ತಾರೆ, ಓದುವವರು ಮಿಲಿಮೀಟರ್ ಅಂದುಕೊಂಡು ‘300ಕ್ಕೆ ನಿಲ್ಲು’ ಎಂದು ಬರೆದಿರುತ್ತಾರೆ. ಗೋಡೆಗೆ 30 ಸೆಂಟಿಮೀಟರ್ ಇರುವಾಗ ನಿಲ್ಲಬೇಕಾದ ಗಾಡಿ 3 ಮೀಟರ್ ದೂರದಲ್ಲೇ ಮುಷ್ಕರ ಹೂಡುತ್ತದೆ. ಬ್ಯಾಟರಿ ಬದಲಾಯಿಸುತ್ತಾರೆ, ಮೋಟರ್ ಬೈಯುತ್ತಾರೆ, ರಾತ್ರಿ ಕಳೆಯುತ್ತದೆ. ಇದರಲ್ಲಿ ಯಾರ ದಡ್ಡತನವೂ ಇಲ್ಲ, ಒಬ್ಬರನ್ನೊಬ್ಬರು ಕೇಳಿಕೊಂಡಿಲ್ಲ, ಅಷ್ಟೇ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್‌ನಲ್ಲಿ ಮಂಗಳದ ಹತ್ತಿರ ಹಾಳಾದದ್ದೂ ಇದೇ ಜಾತಿಯ ತಪ್ಪಿನಿಂದ: ಒಂದು ತಂಡದ ಲೆಕ್ಕ ಪೌಂಡ್‌ನಲ್ಲಿ, ಇನ್ನೊಂದರದ್ದು ನ್ಯೂಟನ್‌ನಲ್ಲಿ.

ಆದ್ದರಿಂದ ಮೊದಲ ವಾರ ಒಂದು ಎ4 ಹಾಳೆ ಸಾಕು. ಎರಡು ಭಾಗ ಕೂಡುವ ಪ್ರತಿ ಜಾಗಕ್ಕೂ ಒಂದು ಸಾಲು: ಯಾರು ಕೊಡುತ್ತಾರೆ, ಯಾರಿಗೆ, ಏನನ್ನು, ಯಾವ ಮಾನದಲ್ಲಿ, ಎಷ್ಟು ವೋಲ್ಟ್, ಯಾವ ವೇಗ, ಯಾವ ತಾರೀಖು. ನಾಲ್ವರಿದ್ದರೆ ಆರು ಜೋಡಿ, ಏಳು ಜನರಿದ್ದರೆ ಇಪ್ಪತ್ತೊಂದು; ತಂಡ ದೊಡ್ಡದಾದಷ್ಟೂ ಕೆಲಸ ಹಗುರ ಅನ್ನುವುದು ಭ್ರಮೆ. ಕೊಡುವವರು ಅದೇ ದಿನ ಹತ್ತು ಸಾಲು ಸುಳ್ಳು ಡೇಟಾ ಕಳಿಸಿಬಿಟ್ಟರೆ, ಓದುವವರು ಸೆನ್ಸರಿಗೆ ಕಾಯದೆ ಕೋಡ್ ಶುರು ಮಾಡಬಹುದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದಾಗ ಬೋರ್ಡ್ ಎರಡು ತನ್ನಿ. ಒಂದೇ ಇದ್ದರೆ ಒಬ್ಬರು ಕೆಲಸ ಮಾಡುತ್ತಾರೆ, ಮೂವರು ಅವರ ಹೆಗಲ ಮೇಲಿಂದ ಇಣುಕುತ್ತಾರೆ. ಎಲ್ಲ ಭಾಗವನ್ನೂ ಮೂರನೇ ವಾರಕ್ಕೇ ಒಮ್ಮೆ ಜೋಡಿಸಿ, ಒಂದು ಎಲ್‌ಇಡಿ ಮಿನುಗಿದರೂ ಸರಿ.

ಇನ್ನು ಮಾತಿನ ವಿಷಯ. ‘ನೋಡ್ತೀನಿ’, ‘ಆಲ್ಮೋಸ್ಟ್ ಆಗಿದೆ’, ‘ಮಾಡೋಣ ಬಿಡಿ’: ನಮ್ಮಲ್ಲಿ ಇವು ಮರ್ಯಾದೆಯ ಮಾತು, ಹಾಗಾಗಿ ‘ಯಾವಾಗ?’ ಅಂತ ತಿರುಗಿ ಕೇಳಲು ಸಂಕೋಚ. ವಾರಕ್ಕೊಮ್ಮೆ ಇಪ್ಪತ್ತೈದು ನಿಮಿಷ ಕೂತು, ಪ್ರತಿಯೊಬ್ಬರಿಂದಲೂ ಮೂರು ಉತ್ತರ ಪಡೆಯಿರಿ: ಏನು ತೋರಿಸಬಲ್ಲೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ, ಮುಂದಿನ ವಾರ ಏನು ಕೊಡುತ್ತೇನೆ. ಮೊದಲನೆಯದಕ್ಕೆ ಬಾಯಿಮಾತು ಸಾಲದು, ಪರದೆಯೋ ಬೋರ್ಡೋ ಎದುರಿಗಿರಬೇಕು. ‘ಸಿಕ್ಕಿಕೊಂಡಿದ್ದೇನೆ’ ಅಂದವರನ್ನು ನೋಡಿ ಯಾರಾದರೂ ಒಮ್ಮೆ ನಕ್ಕರೆ, ಆಮೇಲೆ ಡೆಮೋ ದಿನದವರೆಗೂ ಯಾರೂ ಬಾಯಿ ಬಿಡುವುದಿಲ್ಲ.

ಬೆಂಗಳೂರಿನ ಲ್ಯಾಬ್‌ಗಳಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಕನ್ನಡ ಬಾರದಿರುವುದು ಮಾಮೂಲು. ಮೀಟಿಂಗ್ ಇಂಗ್ಲಿಷಿನಲ್ಲಿ ನಡೆಯುತ್ತದೆ, ನಿಜವಾದ ತೀರ್ಮಾನ ಬೈಟೂ ಟೀ ಕುಡಿಯುವಾಗ ಕನ್ನಡದಲ್ಲಿ ಆಗಿಹೋಗುತ್ತದೆ. ಟೀ ನಿಲ್ಲಿಸಬೇಕಿಲ್ಲ, ತೀರ್ಮಾನವನ್ನು ಅವರಿಗೂ ಅರ್ಥವಾಗುವ ಭಾಷೆಯಲ್ಲಿ ತಕ್ಷಣ ಗ್ರೂಪಿಗೆ ಹಾಕಿ. ಹಾಗೆಯೇ ರಿಪೋರ್ಟು, ಪಿಪಿಟಿ ಅಂದರೆ ಹುಡುಗಿಯರ ಕಡೆ ತಳ್ಳಿ, ಸಾಲ್ಡರಿಂಗ್ ಐರನ್ ಹುಡುಗರ ಕೈಯಲ್ಲೇ ಇರುವ ಪದ್ಧತಿ ಇನ್ನೂ ಹೋಗಿಲ್ಲ. ಕೆಲಸ ಅದಲುಬದಲಾಗಲಿ.

ಒಬ್ಬರು ಕೆಲಸ ಮಾಡುತ್ತಲೇ ಇಲ್ಲ ಅಂದಾಗ ಗ್ರೂಪಿನಲ್ಲಿ ಚುಚ್ಚಬೇಡಿ, ಒಬ್ಬರೇ ಇರುವಾಗ ಮಾತಾಡಿ. ‘ನೀನು ಯಾವಾಗ್ಲೂ ಹಿಂಗೇ’ ಅಂದರೆ ಜಗಳ ಶುರು. ‘ಮೋಟರ್ ಕೋಡು ಮಂಗಳವಾರ ಬರಬೇಕಿತ್ತು ಕಣೋ, ಇವತ್ತು ಶುಕ್ರವಾರ. ಎಲ್ಲಿ ನಿಂತಿದೆ?’ ಅಂದರೆ ಉತ್ತರ ಬರುತ್ತದೆ. ಎಷ್ಟೋ ಸಲ ಅದು ಸೋಮಾರಿತನವಾಗಿರುವುದಿಲ್ಲ. ಪ್ಲೇಸ್‌ಮೆಂಟ್ ಟೆಸ್ಟ್, ಊರಿನ ತಾಪತ್ರಯ, ಇಲ್ಲವೇ ವಿಷಯವೇ ಗೊತ್ತಿಲ್ಲ ಅಂತ ಹೇಳಲು ನಾಚಿಕೆ. ಕೆಲಸವನ್ನು ಎರಡು ದಿನದ ತುಂಡಾಗಿ ಕೊಟ್ಟು ನೋಡಿ. ಅದೂ ಆಗದಿದ್ದರೆ ಮೊದಲ ವಾರದ ಆ ಹಾಳೆಯನ್ನು ಹಿಡಿದು ಗೈಡ್ ಹತ್ತಿರ ಹೋಗಿ, ಅದೂ ಡೆಮೋಗೆ ಒಂದು ತಿಂಗಳಿರುವಾಗಲೇ. ಕೊನೆಯ ವಾರ ಹೇಳಿದರೆ ಅದು ಚಾಡಿಯಂತೆ ಕೇಳಿಸುತ್ತದೆ, ಅವರಿಂದ ಏನೂ ಮಾಡಲೂ ಆಗುವುದಿಲ್ಲ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಯಾರ ಕಮಿಟ್ (ದಾಖಲಾದ ಬದಲಾವಣೆ) ಎಷ್ಟು ಅಂತ ಎಣಿಸಿ ಸಾಕ್ಷಿ ಕೊಡುವ ಚಾಳಿಯೂ ಬೇಡ: ಕಾಮಾ ತಿದ್ದಿದ್ದೂ ಒಂದು ಕಮಿಟ್, ಎರಡು ದಿನ ಕೂತು ಹುಳುಕು ಹುಡುಕಿದ್ದೂ ಒಂದೇ ಕಮಿಟ್.

ವೈವಾಕ್ಕೆ ಎರಡು ದಿನ ಮುಂಚೆ ಭಾಗಗಳನ್ನು ಬದಲಾಯಿಸಿಕೊಂಡು, ಪಕ್ಕದವರ ಕೆಲಸವನ್ನು ಹದಿನೈದು ನಿಮಿಷ ವಿವರಿಸಿ. ಮಾಡಿದವರು ಸುಮ್ಮನೆ ಕೇಳಲಿ, ತಪ್ಪಿದ ಕಡೆ ತಿದ್ದಲಿ. ಆ 2 ಕಿಲೋಓಮ್ ರೆಸಿಸ್ಟರ್ ಯಾಕೆ ಅಂತ ಪರೀಕ್ಷಕರು ಕೇಳುವುದು ಸಾಮಾನ್ಯವಾಗಿ ಕೋಡ್ ಬರೆದವರನ್ನೇ.